ಕಾಲು ಮಡಚುವವರೆಗೆ

ರಾತ್ರಿ ಹನ್ನೊಂದು ಆಯಿತೆಂದರೆ ಕಾರವಾರದ ಆಸ್ಪತ್ರೆಯ
ಎರಡನೇ ಮಹಡಿಯ ಪಡಸಾಲೆಯೇ ಒಂದು ಊರು.
ಮಾಜಾಳಿಯ ಚಾಪೆ, ಕದ್ರಾದ ಕಂಬಳಿ,
ಅಂಕೋಲೆಯಿಂದ ಬಂದವರಿಗೆ ಬಟ್ಟೆಯ ಚೀಲವೇ ತಲೆದಿಂಬು.
ತಲೆ ಗೋಡೆಗೆ, ಕಾಲು ದಾರಿಗೆ.
ಫಿನಾಯಿಲಿನ ಅಡಿಯಿಂದ ಸಣ್ಣಗೆ ಒಣಮೀನಿನ ವಾಸನೆ,
ಮುಚ್ಚಲು ಬಾರದ ಕಿಟಕಿಯಿಂದ ಉಪ್ಪುಗಾಳಿ.

ಆ ದಾರಿಯಲ್ಲಿ ಅದು ಬರುತ್ತದೆ,
ಸೊಂಟದೆತ್ತರದ ಬಿಳಿ ಪೆಟ್ಟಿಗೆ, ಅಡಿಗೆ ಗಾಲಿ,
ಹೊಟ್ಟೆಯೊಳಗೆ ಔಷಧಿ, ರಕ್ತದ ಚೀಲ, ಯಾರದೋ ರಿಪೋರ್ಟು.
ಕಂಪನಿಯವರು ಇಟ್ಟ ಹೆಸರು ಯಾರ ಬಾಯಿಗೂ ಹೊರಳಲಿಲ್ಲ.
ಗೋಡೆಗುಂಟ ಅಡ್ಡಡ್ಡ ಸರಿಯುವುದನ್ನು ಕಂಡು
ಬೈತಖೋಲದ ಹೆಂಗಸರು ಕರೆದರು: ಕುರ್ಲಿ.
ಏಡಿಗೆ ಇಲ್ಲಿ ಹಾಗೇ ಅನ್ನುವುದು.

ಬಂದ ಮೊದಲ ವಾರ ಅದಕ್ಕೆ ಮರ್ಯಾದೆ ಗೊತ್ತಿರಲಿಲ್ಲ.
ಗೊತ್ತಿದ್ದದ್ದು ಬಾಯಿಪಾಠದ ಮರ್ಯಾದೆ:
"ದಯವಿಟ್ಟು ದಾರಿ ಬಿಡಿ, ದಯವಿಟ್ಟು ದಾರಿ ಬಿಡಿ."
ಮಗು ಎದ್ದು ಅತ್ತಿತು, ಮುದುಕ ಎದ್ದು ಬೈದ,
ಯಾರೋ ಒದ್ದೆ ಟವೆಲು ತಂದು
ಅದರ ಮುಖ ಅಂತ ತೋರಿದ ಕಡೆಗೆ ಮುಚ್ಚಿದರು.

ಅದರ ಇಂಜಿನಿಯರು ಭಟ್ಕಳದ ಹುಡುಗ, ಮುಷ್ತಾಕ.
ಲ್ಯಾಪ್‌ಟಾಪ್ ಹಿಡಿದು ಮೂರು ರಾತ್ರಿ ನನ್ನ ಹಿಂದೆ ನಡೆದ.
"ಅಕ್ಕ, ನೀವು ಹೇಗೆ ಹೋಗ್ತೀರಿ?"
ಹೇಗೆ ಹೋಗುತ್ತೇನೆ? ಹದಿನೆಂಟು ವರ್ಷ ಆಯಾ ಆಗಿ ದುಡಿದು
ಒಮ್ಮೆಯೂ ನನ್ನನ್ನೇ ಕೇಳಿಕೊಂಡಿರಲಿಲ್ಲ.
ಅವನೇ ನೋಡಿ ನೋಡಿ ಹೇಳಿದ:
ಟಾರ್ಚನ್ನು ನೆಲಕ್ಕೆ ಬಗ್ಗಿಸುತ್ತೀರಿ.
ಪಿಸುಗುಡುವ ಇಬ್ಬರ ನಡುವೆ ಹಾಯುವುದಿಲ್ಲ,
ಸುತ್ತಾದರೂ ಬಳಸಿಯೇ ಹೋಗುತ್ತೀರಿ.
ಮಲಗಿದವರನ್ನು ದಾಟುವುದಿಲ್ಲ.
"ದಾಟಬಾರದು ಮಾರಾಯ, ದಾಟಿದರೆ ಬೆಳೆಯೂದಿಲ್ಲ ಅಂತಾರೆ."
"ಅರವತ್ತು ದಾಟಿದವರೂ?" ನಕ್ಕ.
ನಕ್ಕರೂ ಬರೆದುಕೊಂಡ.

ಈಗ ಕುರ್ಲಿ ದನಿ ಎತ್ತುವುದಿಲ್ಲ.
ಚಾಚಿದ ಕಾಲಿನ ಮುಂದೆ ಬಂದು ನಿಲ್ಲುತ್ತದೆ,
ದೀಪ ತಗ್ಗಿಸುತ್ತದೆ, ಒಂದು ಗೇಣು ಹಿಂದೆ ಸರಿಯುತ್ತದೆ,
ನನಗೇನೂ ಗಡಿಬಿಡಿ ಇಲ್ಲ ಎನ್ನುವ ಹಾಗೆ.
ನಿದ್ದೆಗಣ್ಣಲ್ಲೇ ಯಾರೋ ಕಾಲು ಮಡಚುತ್ತಾರೆ.
ಹೋಗುತ್ತದೆ.

ಆ ಬುಧವಾರ ಐಸಿಯು ಬಾಗಿಲೆದುರು
ಶೇವಂತಿ ಹರಿಕಂತ್ರ ನಡುದಾರಿಯಲ್ಲೇ ಕೂತುಬಿಟ್ಟಿದ್ದಳು.
ಡಾಕ್ಟರು ಹೇಳಿ ಹೋಗಿ ಎರಡು ನಿಮಿಷವೂ ಆಗಿರಲಿಲ್ಲ.
ಅಳಲಿಲ್ಲ. ಗಂಡನಿಗೆಂದು ತಂದ ಗಂಜಿಯ ಫ್ಲಾಸ್ಕಿನ ಮುಚ್ಚಳ
ತೆಗೆಯುತ್ತಿದ್ದಳು, ಹಾಕುತ್ತಿದ್ದಳು, ತೆಗೆಯುತ್ತಿದ್ದಳು.
ಕುರ್ಲಿ ಬಂತು. ನಿಂತಿತು.
ದೀಪ ತಗ್ಗಿಸಿತು, ಗೇಣು ಸರಿಯಿತು, ಕಾಯಿತು.
ಅದರ ಹೊಟ್ಟೆಯಲ್ಲಿ ಹೆರಿಗೆ ಕೋಣೆಗೆ ಹೊರಟ ರಕ್ತ.
ಕೆಳಗಿನಿಂದ ಫೋನಿನ ಮೇಲೆ ಫೋನು, ಎಲ್ಲಿ, ಎಲ್ಲಿ?
ಕಾಯಲು ಕಲಿಸಿದ್ದೆವು ಅದಕ್ಕೆ,
ಎಲ್ಲಿಯವರೆಗೆ ಎಂದು ಕಲಿಸಿರಲಿಲ್ಲ.
ಮುಚ್ಚಳ ಎತ್ತಿ ಚೀಲ ತೆಗೆದುಕೊಂಡೆ,
ಶೇವಂತಿಯ ಹೆಗಲ ಮೇಲೆ ಕೈಯಿಟ್ಟು
"ಬಾಯೇ, ಇಲ್ಲಿ ಸ್ವಲ್ಪ" ಅಂದೆ.
ತಲೆ ಎತ್ತದೆ ಮೊಣಕಾಲು ಒಳಗೆಳೆದುಕೊಂಡಳು.
ಹಾದೆ. ಮೆಟ್ಟಿಲಲ್ಲಿ ಓಡಿದೆ.

ತಾಯಿ ಉಳಿದಳು, ಕೂಸೂ. ಅದು ಬೇರೆ ಮನೆಯ ಮಾತು.

ಮರಳಿ ಮೇಲೆ ಬಂದಾಗ ನಾಲ್ಕೂವರೆ,
ಬಂದರಿಗೆ ಮರಳುವ ದೋಣಿಯ ಸದ್ದು.
ಕುರ್ಲಿ ಅಲ್ಲೇ ಇತ್ತು, ಹೊಟ್ಟೆ ಖಾಲಿ,
ಅದರ ಪಕ್ಕೆಗೆ ಹಣೆ ಒತ್ತಿ ಶೇವಂತಿ ನಿದ್ದೆಹೋಗಿದ್ದಳು.
ಮನುಷ್ಯರ ಮೈ ತಾಗಿದ್ದರೆ ಕದಲಬಾರದು,
ಅಪಘಾತಕ್ಕೆ ಹೆದರಿ ಮುಷ್ತಾಕ ಬರೆದ ನಿಯಮ ಅದು.

ಬೆಳಿಗ್ಗೆ ಪರದೆಯ ಮೇಲೆ ಕೆಂಪಕ್ಷರ:
ಅಡಚಣೆ, ಎರಡು ತಾಸು ಹತ್ತು ನಿಮಿಷ.
"ಇದನ್ನ ಸರಿ ಮಾಡಬೇಕಲ್ಲ ಅಕ್ಕ?"
"ರಕ್ತ ಇದ್ದಾಗ ಸರಿ ಮಾಡು. ಬಳಸಿ ಹೋಗಲಿ, ನನ್ನ ಕರೀಲಿ.
ಖಾಲಿ ಇದ್ದಾಗ..." ಅಂದವಳು ಮುಂದೆ ಹೇಳಲಿಲ್ಲ.
ಅವನೂ ಕೇಳಲಿಲ್ಲ, ಏನೋ ಒತ್ತುತ್ತ ಕೂತ.

ಫ್ಲಾಸ್ಕು ನಮ್ಮ ಕಪಾಟಿನ ಮೇಲಿದೆ, ತೊಳೆದಿಟ್ಟಿದ್ದೇನೆ.
ಬೈತಖೋಲದ ಕಡೆ ಹೋಗುವವರಿದ್ದರೆ ಹೇಳಿ.